ಹೆಸರಿಲ್ಲದ ಸಾಲು: ಹಣಕಾಸು ಮಾರುಕಟ್ಟೆಗಳ ನಿಯಂತ್ರಕರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಒಂದು ಕಾಗದದ ಕಥೆಯಿಂದ ಆರಂಭಿಸುತ್ತೇನೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ 2007ರ ಜುಲೈ ತಿಂಗಳಲ್ಲಿ ಎರಡು ಮನೆಗಳು ಹರಾಜಾದವು. ಸಾಲದ ಕಂತು ಕಟ್ಟಿರಲಿಲ್ಲ ಎಂಬುದು ಕಾರಣ. ಹರಾಜು ಹಾಕಿದವರು ಆ ಸಾಲವನ್ನು ಕೊಟ್ಟವರಲ್ಲ. ಸಾವಿರಾರು ಸಾಲಗಳ ಗಂಟುಗಳನ್ನು ಹೂಡಿಕೆದಾರರ ಪರವಾಗಿ ಇಟ್ಟುಕೊಂಡಿದ್ದ ಟ್ರಸ್ಟಿ ಬ್ಯಾಂಕುಗಳು ಹರಾಜು ಹಾಕಿದವು. ಕೂಗಿ ಕೊಂಡದ್ದೂ ಅವೇ. ಆಮೇಲೆ, ಮನೆಯ ಹಕ್ಕು ತಮ್ಮದೇ ಎಂದು ತೀರ್ಪು ಕೊಡಿ ಎಂದು ಆ ಬ್ಯಾಂಕುಗಳೇ ನ್ಯಾಯಾಲಯದ ಮೆಟ್ಟಿಲು ಹತ್ತಿದವು. ನ್ಯಾಯಾಧೀಶರು ಕೇಳಿದ್ದು ಸರಳ ಪ್ರಶ್ನೆ: ಹರಾಜಿನ ದಿನ ಈ ಅಡಮಾನ ನಿಮ್ಮ ಕೈಯಲ್ಲಿತ್ತು ಎನ್ನುವುದಕ್ಕೆ ದಾಖಲೆ ತೋರಿಸಿ.

ತೋರಿಸಲು ಆಗಲಿಲ್ಲ. ಎರಡರಲ್ಲಿ ಒಂದು ಸಾಲ ಹುಟ್ಟಿದ ಕೈಯಿಂದ ಟ್ರಸ್ಟಿಯ ಕೈ ಸೇರುವ ಹೊತ್ತಿಗೆ ಐದಾರು ಕೈ ದಾಟಿತ್ತು. ದಾರಿಯ ಮಧ್ಯೆ ಸಹಿಯಾದ ವರ್ಗಾವಣೆ ಪತ್ರದಲ್ಲಿ ಕೊಟ್ಟವರ ಹೆಸರಿದೆ, ಸಹಿಯಿದೆ. ಪಡೆದವರ ಹೆಸರು ಬರೆಯಬೇಕಾದ ಸಾಲು ಖಾಲಿ. ಸರಿಯಾದ ವರ್ಗಾವಣೆ ಪತ್ರ ತಯಾರಾದದ್ದು 2008ರ ಸೆಪ್ಟೆಂಬರಿನಲ್ಲಿ, ಮನೆ ಹರಾಜಾಗಿ ಹದಿನಾಲ್ಕು ತಿಂಗಳ ಮೇಲೆ. 2011ರ ಜನವರಿಯಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ಎರಡೂ ಹರಾಜುಗಳನ್ನು ರದ್ದು ಮಾಡಿತು.

ಆ ಖಾಲಿ ಸಾಲಿನ ಬಗ್ಗೆಯೇ ನಾನು ನಿಮಗೆ ಬರೆಯುತ್ತಿರುವುದು. ಅದು ಯಾರೋ ಗುಮಾಸ್ತರ ಆಲಸ್ಯವೆಂದು ನನಗೆ ಅನ್ನಿಸುವುದಿಲ್ಲ. ಸಾಲಗಾರನ ಹೆಸರು, ಸಾಲ ಕೊಟ್ಟವನ ಹೆಸರು, ಸಾಲ ಈಗ ಯಾರದು ಎಂಬ ಹೆಸರು ಒಂದೊಂದಾಗಿ ಬೇಡವಾಗುತ್ತ ಬಂದ ಇತಿಹಾಸ ಇದರ ಹಿಂದೆ ಇದೆ. 2025ರ ಜೂನ್‌ನಲ್ಲಿ ಯುರೋಪಿಯನ್ ಕಮಿಷನ್ ಸೆಕ್ಯುರಿಟೈಸೇಷನ್ ನಿಯಮಗಳನ್ನು ಹಗುರ ಮಾಡುವ ಪ್ರಸ್ತಾವ ಮಂಡಿಸಿತು. ಹೂಡಿಕೆದಾರರು ಮಾಡಬೇಕಾದ ಪರಿಶೀಲನೆಯನ್ನು ಸರಳಗೊಳಿಸುವುದೂ ಅದರ ಒಂದು ಭಾಗ. ನಿಯಮ ಸಡಿಲಿಸುವ ಮಾತು ಬಂದಾಗಲೆಲ್ಲ ಈ ಇತಿಹಾಸವನ್ನು ಯಾರಾದರೂ ಒಮ್ಮೆ ಗಟ್ಟಿಯಾಗಿ ಓದಿ ಹೇಳಬೇಕು. ಸಾಲದ ಕಡತ ಓದುವುದನ್ನೇ ಕಸುಬು ಮಾಡಿಕೊಂಡಿದ್ದವನಾಗಿ ಆ ಕೆಲಸವನ್ನು ಈಗ ನಾನು ಮಾಡುತ್ತಿದ್ದೇನೆ.

ಮೊದಲು ಪದದ ವಿಷಯ. ಕೊಟ್ಟ ಸಾಲಗಳನ್ನು ಒಟ್ಟುಗೂಡಿಸಿ, ಅವುಗಳಿಂದ ಮುಂದೆ ಬರಲಿರುವ ಅಸಲು-ಬಡ್ಡಿಯ ಮೇಲಿನ ಹಕ್ಕನ್ನು ಬಾಂಡುಗಳಾಗಿ ಮಾರುವುದೇ ಸೆಕ್ಯುರಿಟೈಸೇಷನ್. ಕನ್ನಡದಲ್ಲಿ ಇದಕ್ಕೆ 'ಭದ್ರತೀಕರಣ' ಎಂಬ ಪದವನ್ನು ಬಳಸುವುದುಂಟು. ಇಲ್ಲಿ 'ಸೆಕ್ಯುರಿಟಿ' ಎಂದರೆ ಕೊಂಡು ಮಾರಬಹುದಾದ ಪತ್ರ. ಭದ್ರತೆಗೂ ಅದಕ್ಕೂ ಸಂಬಂಧವಿಲ್ಲ. ಅನುವಾದಕರು ಎಡವಿದರು ಎಂದು ನಗುವ ಮೊದಲು, ಲಕ್ಷಾಂತರ ಕೋಟಿ ಹೂಡಿದವರೂ ಆ ಪದವನ್ನು ಹಾಗೆಯೇ ಓದಿಕೊಂಡಿದ್ದರು ಎಂಬುದು ನೆನಪಿರಲಿ.

ಈ ವ್ಯವಹಾರ 1970ರಲ್ಲಿ ಅಮೆರಿಕದಲ್ಲಿ ಹುಟ್ಟಿತು ಎಂದು ಪಠ್ಯಗಳು ಹೇಳುತ್ತವೆ. ಈಗಿನ ರೂಪಕ್ಕೆ ಆ ಮಾತು ಸರಿ. ಆದರೆ ಅದರ ಮುತ್ತಜ್ಜಂದಿರು ಬೇರೆಡೆ ಇದ್ದಾರೆ, ಅವರಲ್ಲಿ ಒಬ್ಬನ ಮುಖ ನೋಡುವುದೂ ಕಷ್ಟ. 1753ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವರ್ತಕ ಮನೆತನದ ಡಾಯ್ಟ್ಸ್ ಎಂಬವರು ದಕ್ಷಿಣ ಅಮೆರಿಕದ ಸುರಿನಾಮ್ ತೋಟಗಾರರಿಗೆ ಸಾಲ ಕೊಟ್ಟು, ಆ ಸಾಲಗಳ ಗುಂಪಿನ ಮೇಲೆ ಬಾಂಡುಗಳನ್ನು ಹಾಲೆಂಡಿನ ಉಳಿತಾಯಗಾರರಿಗೆ ಮಾರಿದರು. ತೋಟದ ಮೌಲ್ಯದ ಎಂಟರಲ್ಲಿ ಐದು ಪಾಲಿನವರೆಗೆ ಸಾಲ. ಅಡಮಾನವಾಗಿ ಇದ್ದದ್ದು ನೆಲ, ಯಂತ್ರ, ಮತ್ತು ಆ ತೋಟಗಳಲ್ಲಿ ಗುಲಾಮರಾಗಿ ದುಡಿಯುತ್ತಿದ್ದ ಮನುಷ್ಯರು. ಬಾಂಡು ಕೊಂಡವನು ಸಮುದ್ರದ ಆಚೆ. ತೋಟದ ಬೆಲೆ ಕಟ್ಟುವವರು ತೋಟಗಾರನ ನೆರೆಹೊರೆಯವರು. ಬೆಲೆ ಏರುತ್ತಲೇ ಹೋಯಿತು, ಸಾಲವೂ ಏರಿತು. 1770ರ ದಶಕದಲ್ಲಿ ಎಲ್ಲವೂ ಕುಸಿಯಿತು. ಇಷ್ಟರಲ್ಲಿ ಇಪ್ಪತ್ತೊಂದನೆಯ ಶತಮಾನದ ಕಥೆಯ ಮುಕ್ಕಾಲು ಭಾಗ ನಿಮಗೆ ಕಂಡಿರಬಹುದು.

ಅದೇ ಕಾಲದಲ್ಲಿ ಇನ್ನೊಂದು ದಾರಿಯೂ ತೆರೆದಿತ್ತು. ಏಳು ವರ್ಷಗಳ ಯುದ್ಧದಿಂದ ಜರ್ಜರಿತವಾಗಿದ್ದ ಸೈಲೀಸಿಯಾದಲ್ಲಿ ಪ್ರಷ್ಯಾದ ದೊರೆ ಎರಡನೆಯ ಫ್ರೆಡರಿಕ್ 1769ರಲ್ಲಿ ಜಮೀನುದಾರರ ಸಾಲಸಂಘವನ್ನು ಸ್ಥಾಪಿಸಿದ. ಸಂಘ ಹೊರಡಿಸಿದ ಫಾಂಡ್‌ಬ್ರೀಫ್ ಎಂಬ ಅಡಮಾನ ಪತ್ರಗಳಿಗೆ ಸದಸ್ಯರೆಲ್ಲರೂ ಒಟ್ಟಾಗಿ ಹೊಣೆ. 1795ರಲ್ಲಿ ಕೋಪನ್‌ಹೇಗನ್ ನಗರ ಬೆಂಕಿಗೆ ಆಹುತಿಯಾಯಿತು. ಅದನ್ನು ಮತ್ತೆ ಕಟ್ಟಲು 1797ರಲ್ಲಿ ಡೆನ್ಮಾರ್ಕಿನಲ್ಲಿ ಇಂಥದ್ದೇ ಒಂದು ಸಂಸ್ಥೆ ಹುಟ್ಟಿತು. ಈ ಎರಡು ಸಂಪ್ರದಾಯಗಳೂ ಇಂದಿಗೂ ಬದುಕಿವೆ. ಎರಡರಲ್ಲೂ ಬಾಂಡು ಕೊಂಡವನಿಗೆ ಹಣ ದೂರದಿಂದಲೇ ಬರುತ್ತದೆ, ಆದರೆ ಸಾಲ ಕೊಟ್ಟ ಸಂಸ್ಥೆ ಆ ಸಾಲವನ್ನು ತನ್ನ ಲೆಕ್ಕದ ಪುಸ್ತಕದಲ್ಲಿಯೇ ಉಳಿಸಿಕೊಳ್ಳುತ್ತದೆ. ಸಾಲ ಮುಳುಗಿದರೆ ಮೊದಲ ಪೆಟ್ಟು ಅದಕ್ಕೆ. ಹೆಸರು ಅಳಿಸುವುದಿಲ್ಲ.

ಅಮೆರಿಕ ಬೇರೆ ದಾರಿ ಹಿಡಿಯಿತು, ಅದೂ ಎರಡು ಸಲ ಸುಟ್ಟುಕೊಂಡ ಮೇಲೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪಶ್ಚಿಮದ ಹೊಲಗಳ ಮೇಲಿನ ಅಡಮಾನ ಬಾಂಡುಗಳನ್ನು ಪೂರ್ವ ರಾಜ್ಯಗಳ ಉಳಿತಾಯಗಾರರಿಗೆ ಮಾರಿದ ಕಂಪನಿಗಳು 1890ರ ದಶಕದಲ್ಲಿ ಸಾಲುಸಾಲಾಗಿ ಮುಳುಗಿದವು. 1920ರ ದಶಕದಲ್ಲಿ ಗಗನಚುಂಬಿ ಕಟ್ಟಡಗಳ ಬಾಂಡುಗಳ ಭರಾಟೆ ನಡೆದು, 1929ರ ನಂತರ ಅವೂ ನೆಲಕಚ್ಚಿದವು.

ಮಹಾಕುಸಿತದ ಬೂದಿಯಿಂದ ಎದ್ದದ್ದು ಸರ್ಕಾರದ ಕೈ. 1934ರಲ್ಲಿ ಗೃಹಸಾಲಕ್ಕೆ ವಿಮೆ ಕೊಡುವ ಎಫ್‌ಎಚ್‌ಎ ಬಂತು. 1938ರಲ್ಲಿ ಆ ಸಾಲಗಳನ್ನು ಕೊಳ್ಳುವ ಫ್ಯಾನಿ ಮೇ ಎಂಬ ಸಂಸ್ಥೆ. ಸಾಲದ ನಮೂನೆ ಒಂದೇ ಅಚ್ಚಿಗೆ ಬಂತು: ದೀರ್ಘಾವಧಿ, ಸ್ಥಿರ ಬಡ್ಡಿ, ತಿಂಗಳ ಕಂತು. 1968ರಲ್ಲಿ ಫ್ಯಾನಿ ಮೇ ಎರಡಾಗಿ ಸೀಳಿತು. ಅದರಿಂದ ಬೇರೆಯಾಗಿ ಸರ್ಕಾರದ ಒಳಗೇ ಉಳಿದ ಜಿನ್ನಿ ಮೇ 1970ರಲ್ಲಿ ಮೊಟ್ಟಮೊದಲ ಆಧುನಿಕ ಅಡಮಾನ ಆಧಾರಿತ ಪತ್ರಕ್ಕೆ ಖಾತರಿ ಕೊಟ್ಟಿತು. ಸಾಲಗಾರರು ಕಟ್ಟಿದ ಕಂತು ಗುಂಪಿನ ಮೂಲಕ ಹಾದು ನೇರವಾಗಿ ಪತ್ರ ಹಿಡಿದವರಿಗೆ ತಲುಪಬೇಕು. ತಲುಪದಿದ್ದರೆ ಸರ್ಕಾರ ಕೊಡುತ್ತದೆ. ಗೃಹಸಾಲಗಳನ್ನು ಕೊಳ್ಳಲೆಂದು 1970ರಲ್ಲಿಯೇ ಸ್ಥಾಪನೆಯಾದ ಫ್ರೆಡ್ಡಿ ಮ್ಯಾಕ್ ಎಂಬ ಇನ್ನೊಂದು ಸಂಸ್ಥೆ ಮರುವರ್ಷ ತನ್ನದೇ ಪತ್ರಗಳನ್ನು ಹೊರಡಿಸಿತು.

ಹೆಸರು ಮೊದಲು ಬೇಡವಾದದ್ದು ಇಲ್ಲಿ, ನ್ಯಾಯವಾದ ಕಾರಣಕ್ಕೆ. ಸರ್ಕಾರವೇ ಜಾಮೀನು ನಿಂತ ಮೇಲೆ ಆ ಮನೆಯ ಯಜಮಾನ ಬಡಗಿಯೋ ಶಿಕ್ಷಕನೋ, ಅವನಿಗೆ ಎಷ್ಟು ಸಂಬಳ ಎಂದು ಪತ್ರ ಕೊಂಡವನು ಏಕೆ ಕೇಳಬೇಕು? ಅಗತ್ಯವೂ ದೊಡ್ಡದಿತ್ತು. ಉಳಿತಾಯ ಸಂಸ್ಥೆಗಳು ಅಲ್ಪಾವಧಿ ಠೇವಣಿ ತೆಗೆದುಕೊಂಡು ಮೂವತ್ತು ವರ್ಷದ ಸಾಲ ಕೊಡುತ್ತಿದ್ದವು. ಠೇವಣಿಯ ಬಡ್ಡಿಗೆ ಕಾನೂನಿನ ಮಿತಿ. ಮಾರುಕಟ್ಟೆಯ ಬಡ್ಡಿ ಏರಿದಾಗಲೆಲ್ಲ ಠೇವಣಿ ಖಾಲಿ, ಮನೆಸಾಲ ಸ್ಥಗಿತ. ಈ ಬಾವಿಗೆ ನೀರು ಬೇರೆಡೆಯಿಂದ ಹರಿಸಲೇಬೇಕಿತ್ತು. ಆ ಕಾಲುವೆ ತೋಡಿದವರನ್ನು ನಾನು ಬೈಯುವುದಿಲ್ಲ.

1977ರಲ್ಲಿ ಬ್ಯಾಂಕ್ ಆಫ್ ಅಮೆರಿಕ ಸರ್ಕಾರದ ಖಾತರಿಯಿಲ್ಲದೆ ತನ್ನ ಗೃಹಸಾಲಗಳ ಮೇಲೆ ಪತ್ರ ಹೊರಡಿಸಿತು. ಹಿಂದೆ ನಿಂತವರು ನ್ಯೂಯಾರ್ಕಿನ ಹೂಡಿಕೆ ಬ್ಯಾಂಕು ಸಾಲೊಮನ್ ಬ್ರದರ್ಸ್. ಅಲ್ಲಿ ಅಂಚೆ ವಿಭಾಗದಲ್ಲಿ ಕೆಲಸಕ್ಕೆ ಸೇರಿ ಮೇಲೇರಿದ್ದ ಲ್ಯೂ ರಾನಿಯೇರಿ ಈ ವ್ಯವಹಾರದ ಜೀವಾಳ. 'ಸೆಕ್ಯುರಿಟೈಸೇಷನ್' ಎಂಬ ಪದವನ್ನು ಚಲಾವಣೆಗೆ ತಂದ ಕೀರ್ತಿಯೂ ಅವರದೇ. ಅಂಥ ಪದವೇ ಇಂಗ್ಲಿಷಿನಲ್ಲಿ ಇಲ್ಲವೆಂದು ಪತ್ರಿಕೆಯವರು ತಕರಾರು ತೆಗೆದಿದ್ದರಂತೆ. ತಕರಾರು ಪದದ ಮೇಲೆಯೇ ಮುಗಿದುಹೋಯಿತಲ್ಲ ಎಂಬುದು ನನ್ನ ಕೊರಗು.

ಈಗ ಒಂದು ತಾಂತ್ರಿಕ ವಿಷಯದ ಮೇಲೆ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಎಲ್ಲವೂ ತಿರುಗಿದ್ದು ಅಲ್ಲಿ. ಗೃಹಸಾಲ ಕೊಂಡವನಿಗೆ ಮೊದಲಿಗೆ ಕಾಡಿದ ಭಯ ಸಾಲ ಮುಳುಗೀತು ಎಂಬುದಲ್ಲ, ಬೇಗ ತೀರೀತು ಎಂಬುದು! ಬಡ್ಡಿ ಇಳಿದ ಕೂಡಲೇ ಸಾಲಗಾರ ಹೊಸ ಸಾಲ ತೆಗೆದು ಹಳೆಯದನ್ನು ತೀರಿಸುತ್ತಾನೆ. ಮೂವತ್ತು ವರ್ಷ ಒಳ್ಳೆಯ ಬಡ್ಡಿ ಬರುತ್ತದೆಂದು ನಂಬಿದ್ದ ಪಿಂಚಣಿ ನಿಧಿಗೆ ಅಸಲು ಅಕಾಲದಲ್ಲಿ ವಾಪಸ್ಸು ಬರುತ್ತದೆ, ಅದೂ ಬಡ್ಡಿ ಕಡಿಮೆಯಾಗಿರುವ ಹೊತ್ತಿನಲ್ಲಿ. 1983ರಲ್ಲಿ ಫ್ರೆಡ್ಡಿ ಮ್ಯಾಕ್ ಇದಕ್ಕೆ ಉಪಾಯ ಕಂಡಿತು. ನೂರು ಕೋಟಿ ಡಾಲರ್ ಮೊತ್ತವನ್ನು ಮೂರು ಹೋಳು ಮಾಡಿದರು. ಮಾರುಕಟ್ಟೆಯ ಭಾಷೆಯಲ್ಲಿ ಹೋಳಿಗೆ ಟ್ರಾಂಚ್ ಎಂದು ಹೆಸರು. ಬರುವ ಅಸಲೆಲ್ಲ ಮೊದಲು ಒಂದನೆಯ ಹೋಳಿನವರಿಗೆ; ಅವರದು ತೀರಿದ ಮೇಲೆ ಎರಡನೆಯವರಿಗೆ; ಕೊನೆಗೆ ಮೂರನೆಯವರಿಗೆ. ಬೇಗ ಹಣ ಬೇಕಾದವರು ಮೊದಲನೆಯದನ್ನು ಕೊಂಡರು, ದೀರ್ಘಕಾಲ ಬೇಕಾದವರು ಕೊನೆಯದನ್ನು. ಸಾಲಗಳು ಅವೇ, ಕತ್ತರಿಸಿದ್ದು ಕಾಲವನ್ನು ಮಾತ್ರ. ನನ್ನ ಮಟ್ಟಿಗೆ ಇದು ಚೊಕ್ಕ ಕೆಲಸ.

ಮುಂದಿನ ವರ್ಷ, 1984ರಲ್ಲಿ, ಅಮೆರಿಕದ ಸಂಸತ್ತು ಒಂದು ಕಾನೂನು ತಂದಿತು. ಪತ್ರಗಳ ಅಪಾಯ ಅಳೆದು ದರ್ಜೆ ಕೊಡುವ ಮಾನ್ಯತೆ ಪಡೆದ ರೇಟಿಂಗ್ ಸಂಸ್ಥೆ ಅತ್ಯುನ್ನತ ಎರಡು ದರ್ಜೆಗಳಲ್ಲಿ ಒಂದನ್ನು ಕೊಟ್ಟರೆ ಸಾಕು, ಖಾಸಗಿ ಅಡಮಾನ ಪತ್ರಗಳನ್ನೂ ಕಾನೂನುಬದ್ಧ ಹೂಡಿಕೆಯಾಗಿ ಸಂಸ್ಥೆಗಳು ಕೊಳ್ಳಬಹುದು. ಸರ್ಕಾರದ ಮೊಹರು ಇದ್ದ ಜಾಗದಲ್ಲಿ ಮೂರು ಇಂಗ್ಲಿಷ್ ಅಕ್ಷರಗಳು ಬಂದು ಕೂತವು: ಅತ್ಯುನ್ನತ ದರ್ಜೆ ಎನ್ನುವ ಟ್ರಿಪಲ್ ಎ. ಆ ಅಕ್ಷರಗಳಿಗೆ ಶುಲ್ಕ ಕೊಡುವವರು ಪತ್ರ ಮಾರುವವರೇ. ಸರ್ಕಾರ ಜಾಮೀನು ನಿಂತಾಗ ತಪ್ಪಿದರೆ ತನ್ನ ಕೈಯಿಂದ ಕೊಡುತ್ತದೆ. ರೇಟಿಂಗ್ ಸಂಸ್ಥೆ ಕೊಡುವುದು ಅಭಿಪ್ರಾಯ, ತಪ್ಪಿದರೆ ಅಭಿಪ್ರಾಯ ಬದಲಾಗುತ್ತದೆ. ಸಾಲಗಾರನ ಹೆಸರು ಕೇಳದಿರುವ ಅಭ್ಯಾಸ ಮಾತ್ರ ಹಾಗೆಯೇ ಉಳಿಯಿತು.

ಆಮೇಲಿನದು ಬೆಳವಣಿಗೆಯ ನಾಗಾಲೋಟ, ಓಡಿಕೊಂಡೇ ಹೇಳುತ್ತೇನೆ. 1985ರಲ್ಲಿ ಸ್ಪೆರಿ ಕಂಪನಿಯ ಕಂಪ್ಯೂಟರ್ ಗುತ್ತಿಗೆ ಬಾಡಿಗೆಗಳ ಮೇಲೆ ಪತ್ರ ಬಂತು, ಅದೇ ವರ್ಷ ಕಾರು ಸಾಲಗಳ ಮೇಲೆ, 1987ರಲ್ಲಿ ಕ್ರೆಡಿಟ್ ಕಾರ್ಡ್ ಬಾಕಿಗಳ ಮೇಲೆ. 1986ರ ತೆರಿಗೆ ಕಾನೂನು ಇಂಥ ಗುಂಪುಗಳಿಗೆ ಎರಡು ಸಲ ತೆರಿಗೆ ಬೀಳದಂತೆ ದಾರಿ ಮಾಡಿಕೊಟ್ಟಿತು. ಮುಳುಗಿದ ಉಳಿತಾಯ ಸಂಸ್ಥೆಗಳ ಆಸ್ತಿ ವಿಲೇವಾರಿಗೆಂದು 1989ರಲ್ಲಿ ಹುಟ್ಟಿದ ಸರ್ಕಾರಿ ನಿಗಮ ವಾಣಿಜ್ಯ ಕಟ್ಟಡಗಳ ಸಾಲಗಳನ್ನೂ ಗಂಟು ಕಟ್ಟಿ ಮಾರಿತು. 1997ರಲ್ಲಿ ಗಾಯಕ ಡೇವಿಡ್ ಬೋವಿ ತಮ್ಮ ಹಳೆಯ ಧ್ವನಿಮುದ್ರಿಕೆಗಳಿಂದ ಮುಂದೆ ಬರುವ ಗೌರವಧನದ ಮೇಲೆ 5.5 ಕೋಟಿ ಡಾಲರ್ ಎತ್ತಿದರು. ಸಂಗೀತವನ್ನು ಜನ ಅಂತರ್ಜಾಲದಲ್ಲಿ ಪುಕ್ಕಟೆ ಹಂಚಿಕೊಳ್ಳತೊಡಗಿದಾಗ ಆ ಬಾಂಡಿನ ದರ್ಜೆ ಇಳಿಯಿತು, ಆದರೂ ಹಣ ಪೂರ್ತಿ ವಾಪಸ್ಸಾಯಿತು. ಅಲ್ಲಿ ಹಣ ಕೊಟ್ಟವರಿಗೆ ಸಾಲಗಾರನ ಹೆಸರು ಗೊತ್ತಿತ್ತು ಎಂದು ಸೇರಿಸುವ ಆಸೆಯನ್ನು ತಡೆದುಕೊಳ್ಳಲಾರೆ.

ಈ ಓಟದಲ್ಲಿ ನಿಮ್ಮವರ ಪಾಲೂ ಇದೆ. ಹಲವು ದೇಶಗಳ ಬ್ಯಾಂಕ್ ನಿಯಂತ್ರಕರು ಮಾಡಿಕೊಂಡ 1988ರ ಬಾಸೆಲ್ ಒಪ್ಪಂದ ಬ್ಯಾಂಕುಗಳು ಸಾಲದ ಅಪಾಯಕ್ಕೆ ತಕ್ಕಂತೆ ಶೇ 8ರಷ್ಟು ಸ್ವಂತ ಬಂಡವಾಳ ಇಡಬೇಕೆಂದಿತು. ಉದ್ದೇಶ ಒಳ್ಳೆಯದೇ. ಆದರೆ ಸಾಲವನ್ನು ಮಾರಿಬಿಟ್ಟರೆ ಬಂಡವಾಳ ಇಡುವ ಅಗತ್ಯವೇ ಇಲ್ಲ. ಮಾರುವುದಕ್ಕೆ ಇದ್ದ ಹಳೆಯ ಕಾರಣಗಳ ಜೊತೆ ಇದೊಂದು ಹೊಸ ಕಾರಣ ಸೇರಿತು. ಕೊಡು, ಮಾರು, ಮತ್ತೆ ಕೊಡು ಎಂಬುದೇ ಬ್ಯಾಂಕಿನ ದಿನಚರಿಯಾಯಿತು.

ಎರಡನೆಯ ಕತ್ತಿ ಬಂದದ್ದು 1980ರ ದಶಕದ ಕೊನೆಯ ಹೊತ್ತಿಗೆ. ಇದು ಕಾಲವನ್ನು ಬಿಟ್ಟು ನಷ್ಟವನ್ನೇ ಕತ್ತರಿಸಿತು. ಕೆಳಗಿನ ಹೋಳಿಗೆ ಮೊದಲ ನಷ್ಟ, ಮೇಲಿನ ಹೋಳಿಗೆ ಕಟ್ಟಕಡೆಯ ನಷ್ಟ. ಇದರ ಲೆಕ್ಕವನ್ನು ಹತ್ತಿರದಿಂದ ನೋಡೋಣ. ತಲಾ ನೂರು ಡಾಲರಿನ ಎರಡು ಸಾಲಗಳಿವೆ ಎನ್ನಿ. ಒಂದೊಂದೂ ಪೂರ್ತಿ ಮುಳುಗುವ ಸಾಧ್ಯತೆ ಹತ್ತರಲ್ಲಿ ಒಂದು. ಎರಡನ್ನೂ ಸೇರಿಸಿ ನೂರು ಡಾಲರಿನ ಮೇಲಿನ ಹೋಳು ಒಂದು, ನೂರು ಡಾಲರಿನ ಕೆಳಗಿನ ಹೋಳು ಒಂದು ಮಾಡಿ. ಮೇಲಿನವನ ಹಣ ಹೋಗುವುದು ಎರಡೂ ಸಾಲ ಮುಳುಗಿದರೆ ಮಾತ್ರ. ಒಂದರ ಗತಿಗೂ ಇನ್ನೊಂದರ ಗತಿಗೂ ಸಂಬಂಧವಿಲ್ಲದಿದ್ದರೆ ಆ ಸಾಧ್ಯತೆ ನೂರರಲ್ಲಿ ಒಂದು. ಸಾಧಾರಣ ಸಾಲಗಳಿಂದ ಅತ್ಯುತ್ತಮ ಪತ್ರ ಹುಟ್ಟಿತು! ಆದರೆ ಆ ಇಬ್ಬರೂ ಒಂದೇ ಕಾರ್ಖಾನೆಯಲ್ಲಿ ದುಡಿಯುವವರಾಗಿದ್ದು ಕಾರ್ಖಾನೆ ಮುಚ್ಚಿದರೆ? ಒಬ್ಬ ಮುಳುಗಿದಾಗ ಇನ್ನೊಬ್ಬನೂ ಮುಳುಗುತ್ತಾನೆ. ಮೇಲಿನವನ ಅಪಾಯವೂ ಹತ್ತರಲ್ಲಿ ಒಂದಕ್ಕೆ ಬಂದು ನಿಲ್ಲುತ್ತದೆ. ಅಪಾಯ ಹತ್ತು ಪಟ್ಟಾಯಿತು, ಸಾಲಗಳಲ್ಲಿ ಒಂದಕ್ಷರವೂ ಬದಲಾಗಲಿಲ್ಲ. ಬದಲಾದದ್ದು ಆ ಇಬ್ಬರ ನಡುವಿನ ನಂಟಿನ ಬಗ್ಗೆ ನಾವು ಮಾಡಿದ ಊಹೆ. ಆ ನಂಟನ್ನು ಅರಿಯಬೇಕಾದರೆ ಸಾಲಗಾರರು ಯಾರು, ಎಲ್ಲಿ ದುಡಿಯುತ್ತಾರೆ ಎಂದು ಗೊತ್ತಿರಬೇಕು. ಆ ಹೊತ್ತಿಗೆ ಅದನ್ನು ಕೇಳುವವರೇ ಇರಲಿಲ್ಲ. ಮನೆಗಳ ಬೆಲೆ ದೇಶದ ಉದ್ದಗಲಕ್ಕೂ ಒಟ್ಟಿಗೆ ಇಳಿಯಲಾರದು ಎಂಬ ನಂಬಿಕೆ ಲೆಕ್ಕದೊಳಗೆ ನುಸುಳಿ ಕೂತಿತ್ತು.

ಕೆಳಗಿನ ಹೋಳುಗಳನ್ನು ಕೊಳ್ಳುವವರು ಸಿಗದಾದಾಗ ಅವುಗಳನ್ನೇ ಮತ್ತೆ ಗುಡ್ಡೆ ಹಾಕಿ, ಮತ್ತೆ ಕತ್ತರಿಸಿದರು. ಹೀಗೆ ಹುಟ್ಟಿದ ಪತ್ರಕ್ಕೆ ಸಿಡಿಒ (ಕೊಲ್ಯಾಟರಲೈಸ್ಡ್ ಡೆಟ್ ಆಬ್ಲಿಗೇಷನ್) ಎಂದು ಹೆಸರು. ಎರಡನೆಯ ಸಲ ಕತ್ತರಿಸಿದಾಗಲೂ ಬಹುಪಾಲು ಟ್ರಿಪಲ್ ಎ ಆಗಿ ಹೊರಬಂತು. 2007-08ರ ಹಣಕಾಸು ಬಿಕ್ಕಟ್ಟಿನ ಬಗ್ಗೆ ತನಿಖೆ ನಡೆಸಿದ ಅಮೆರಿಕದ ಆಯೋಗ 2011ರಲ್ಲಿ ಕೊಟ್ಟ ವರದಿಯ ಅಂಕಿಗಳನ್ನು ನೋಡಿ: 2000ದಿಂದ 2007ರವರೆಗೆ ಮೂಡೀಸ್ ಎಂಬ ರೇಟಿಂಗ್ ಸಂಸ್ಥೆಯೊಂದೇ ಸುಮಾರು 45,000 ಅಡಮಾನ ಸಂಬಂಧಿ ಪತ್ರಗಳಿಗೆ ಟ್ರಿಪಲ್ ಎ ಕೊಟ್ಟಿತು. 2006ರಲ್ಲಿ ಕೆಲಸದ ದಿನವೊಂದಕ್ಕೆ 30ರಂತೆ. ಆ ವರ್ಷ ಟ್ರಿಪಲ್ ಎ ಪಡೆದವುಗಳಲ್ಲಿ ಶೇ 83ರಷ್ಟು ಮುಂದೆ ದರ್ಜೆ ಕಳೆದುಕೊಂಡವು. 2010ರ ಆರಂಭದಲ್ಲಿ ಅಮೆರಿಕದಲ್ಲಿ ಆ ದರ್ಜೆ ಇದ್ದ ಖಾಸಗಿ ಕಂಪನಿಗಳು ಆರೇ ಆರು.

ಸಾಲ ಕೊಡುವವನು ಅದನ್ನು ವಾರಗಳಲ್ಲಿ ಮಾರಿ ಕೈತೊಳೆದುಕೊಳ್ಳುವುದಾದರೆ ಸಾಲಗಾರನ ಆದಾಯ ವಿಚಾರಿಸಲು ಅವನಿಗೇನು ತುರ್ತು? ಆದಾಯದ ದಾಖಲೆಯೇ ಇಲ್ಲದ ಸಾಲಗಳು ಧಾರಾಳವಾಗಿ ಹರಿದವು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡಿದರು ಎನ್ನುತ್ತಾರಲ್ಲ, ಅದೇ. ಮುಂದಿನದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು: 2007ರ ಏಪ್ರಿಲ್‌ನಲ್ಲಿ ಗೃಹಸಾಲ ಕೊಡುವ ಕಂಪನಿ ನ್ಯೂ ಸೆಂಚುರಿ ದಿವಾಳಿ, ಆಗಸ್ಟ್ 9ರಂದು ಫ್ರಾನ್ಸಿನ ಬ್ಯಾಂಕು ಬಿಎನ್‌ಪಿ ಪರಿಬಾ ಮೂರು ನಿಧಿಗಳ ಬಾಗಿಲು ಹಾಕಿದ್ದು, 2008ರ ಸೆಪ್ಟೆಂಬರಿನಲ್ಲಿ ಹೂಡಿಕೆ ಬ್ಯಾಂಕು ಲೇಮನ್ ಬ್ರದರ್ಸ್ ದಿವಾಳಿ.

ನ್ಯಾಯದ ಮಾತನ್ನೂ ಹೇಳಬೇಕು. ಅದೇ ಬಿರುಗಾಳಿಯಲ್ಲಿ ಉತ್ತಮ ದರ್ಜೆಯ ಕಾರು ಸಾಲಗಳ ಪತ್ರಗಳು ಹೆಚ್ಚು ಅಲುಗಾಡದೆ ನಿಂತವು. ಸಾಲದ ಅವಧಿ ಚಿಕ್ಕದು, ರಚನೆ ಸರಳ, ಎರಡನೆಯ ಸಲ ಕತ್ತರಿಸುವ ಚಾಳಿ ಅಲ್ಲಿ ಇರಲಿಲ್ಲ. ಆದ್ದರಿಂದ ಸೆಕ್ಯುರಿಟೈಸೇಷನ್ ಬೇಡವೇ ಬೇಡ ಎನ್ನುವವರ ಸಾಲಿನಲ್ಲಿ ನಾನಿಲ್ಲ.

ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ನಿಯಮಗಳು ಬಂದವು. ಅಮೆರಿಕದ 2010ರ ಡಾಡ್-ಫ್ರಾಂಕ್ ಕಾನೂನು ಪತ್ರ ಮಾರುವವರು ಅಪಾಯದ ಶೇ 5ರಷ್ಟನ್ನು ತಮ್ಮಲ್ಲೇ ಉಳಿಸಿಕೊಳ್ಳಬೇಕೆಂದಿತು. ಯುರೋಪಿನಲ್ಲೂ ಅಷ್ಟೇ ಪ್ರಮಾಣ. ಬಾಗಿಲು ಹಾಕಿದ್ದು ಸರಿ, ಚಿಲಕ ನೋಡಿ. ಗುಣಮಟ್ಟದ ಗೃಹಸಾಲಗಳಿಗೆ ಈ ಶೇ 5ರಿಂದ ವಿನಾಯಿತಿ ಕೊಡಬಹುದಿತ್ತು. 2011ರ ಕರಡಿನಲ್ಲಿ ಗುಣಮಟ್ಟವೆಂದರೆ ಸಾಲಗಾರ ಮನೆಯ ಬೆಲೆಯ ಶೇ 20ರಷ್ಟನ್ನು ತನ್ನ ಕೈಯಿಂದ ಹಾಕಿರಬೇಕು ಎಂದಿತ್ತು. 2014ರ ಅಂತಿಮ ನಿಯಮದಲ್ಲಿ ಆ ಷರತ್ತು ಮಾಯ. ವಿನಾಯಿತಿ ಎಷ್ಟು ಅಗಲವಾಯಿತೆಂದರೆ ನಿಯಮವೇ ಅದರೊಳಗೆ ಹಾದುಹೋಗಬಹುದು. ಕಂಪನಿ ಸಾಲಗಳನ್ನು ಮಾರುಕಟ್ಟೆಯಿಂದ ಕೊಂಡು ಗಂಟು ಕಟ್ಟುವ ಸಿಎಲ್‌ಒ ನಿರ್ವಾಹಕರಿಗೆ ಶೇ 5 ಅನ್ವಯಿಸುವುದಿಲ್ಲ ಎಂದು 2018ರ ಫೆಬ್ರುವರಿಯಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಹೇಳಿತು. ಅವರು ಆ ಸಾಲಗಳ ಒಡೆಯರೇ ಆಗಿರಲಿಲ್ಲ, ಇಲ್ಲದ್ದನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದು ತರ್ಕ. ಕಾನೂನಿನ ಓದಾಗಿ ಅದು ಸರಿಯೇ ಇರಬಹುದು. ಆದರೆ ಸಾಲ ಹುಟ್ಟಿಸಿದವರೂ ಅಲ್ಲ, ಒಡೆಯರೂ ಅಲ್ಲ ಎಂದಾದರೆ ಹೊಣೆ ಹೊರುವವರು ಯಾರು ಎಂಬ ಪ್ರಶ್ನೆ ನಿಮ್ಮ ಮೇಜಿನ ಮೇಲೆಯೇ ಉಳಿಯಿತು.

ನನ್ನ ಬೇಡಿಕೆ ದೊಡ್ಡದಲ್ಲ. ಶೇ 5ನ್ನು ಇಳಿಸಬೇಡಿ, ವಿನಾಯಿತಿಗಳನ್ನು ಇನ್ನಷ್ಟು ಅಗಲಿಸಬೇಡಿ. ಆ ಪಾಲನ್ನು ಯಾವ ಹೋಳಿನಲ್ಲಿ ಉಳಿಸಿಕೊಂಡಿದ್ದಾರೆ ಎಂದು ಕೇಳಿ. ಎಲ್ಲ ಹೋಳುಗಳಲ್ಲಿ ತೆಳ್ಳಗೆ ಹರಡಿಕೊಂಡವನಿಗೂ ಮೊದಲ ನಷ್ಟ ಹೊರುವ ಹೋಳನ್ನೇ ಹಿಡಿದವನಿಗೂ ನಿದ್ದೆ ಬೇರೆ ಬೇರೆ ರೀತಿ ಬರುತ್ತದೆ. ಗಂಟಿನಲ್ಲಿರುವ ಪ್ರತಿಯೊಂದು ಸಾಲವೂ ಎಲ್ಲಿ ಹುಟ್ಟಿತು, ಯಾರ ಕೈ ದಾಟಿತು ಎಂಬ ವಿವರ ಪತ್ರದ ಜೊತೆಯಲ್ಲೇ ಸಾಗುವಂತೆ ಮಾಡಿ. ಸಾಲಗಾರನ ಖಾಸಗಿ ವಿವರವನ್ನು ಜಗತ್ತಿಗೆಲ್ಲ ಸಾರಿ ಎಂದು ನಾನು ಹೇಳುತ್ತಿಲ್ಲ. ಅವನ ಮನೆ ಹರಾಜಿಗೆ ಬರುವ ದಿನ ಅವನಾದರೂ ತನ್ನ ಸಾಲ ಯಾರಿಗೆ ಬಾಕಿ ಎಂದು ಕೇಳಿ ತಿಳಿಯುವಂತಿರಬೇಕು.

ಪರಿಶೀಲನೆಯನ್ನು ಹಗುರ ಮಾಡುವ ಕರಡಿಗೆ ಸಹಿ ಹಾಕುವ ಮೊದಲು ಒಂದು ಮಧ್ಯಾಹ್ನವನ್ನು ನನ್ನ ಮಾತಿಗಾಗಿ ಬಿಡುವು ಮಾಡಿಕೊಳ್ಳಿ. ಮಾರುಕಟ್ಟೆಯಲ್ಲಿರುವ ಯಾವುದಾದರೊಂದು ಪತ್ರವನ್ನು ತರಿಸಿ. ಅದರ ಗಂಟಿನಿಂದ ಒಂದೇ ಒಂದು ಸಾಲವನ್ನು ಕಣ್ಣುಮುಚ್ಚಿ ಆರಿಸಿ, ಸಹಾಯಕರಿಗೆ ವಹಿಸದೆ ನೀವೇ ಅದರ ಕಾಗದಗಳನ್ನು ಹಿಂದಕ್ಕೆ ಹಿಂದಕ್ಕೆ ಹುಡುಕಿಕೊಂಡು ಹೋಗಿ, ಅದನ್ನು ಮೊದಲು ಕೊಟ್ಟ ಮನುಷ್ಯನ ಸಹಿ ಸಿಗುವ ತನಕ. ಎಷ್ಟು ದಿನ ಹಿಡಿಯಿತು, ದಾರಿಯಲ್ಲಿ ಎಷ್ಟು ಸಾಲುಗಳು ಖಾಲಿ ಇದ್ದವು ಎಂದು ಒಂದು ಹಾಳೆಯಲ್ಲಿ ಬರೆದು ಕರಡಿನ ಜೊತೆ ಲಗತ್ತಿಸಿ.

ಇಂತಿ ನಿಮ್ಮ ವಿಶ್ವಾಸಿ,
ಸಾಲದ ಕಡತಗಳ ಹಳೆಯ ಓದುಗ